ಪರದೆಯ ಹಿಂದೆ ಬಿದ್ದ ದಾಳ

ಮೇಜಿನ ಒಂದು ತುದಿಯಲ್ಲಿ ರಟ್ಟಿನ ಪರದೆ, ಅದರ ಹಿಂದೆ ಡಂಜನ್ ಮಾಸ್ಟರ್. ಈಚೆ ನಾಲ್ಕೈದು ಮಂದಿ, ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಮಂತ್ರವಾದಿ, ಯೋಧ, ಕಳ್ಳಿ. ಎದುರಿನ ರಾಕ್ಷಸನ ಹೊಡೆತ ಬಿತ್ತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಆ ದಾಳ ಉರುಳುವುದು ಪರದೆಯ ಹಿಂದೆ. ಬಿದ್ದದ್ದು ಎಷ್ಟೆಂದು ಕಾಣುವುದು ಮಾಸ್ಟರನ ಕಣ್ಣಿಗೆ ಮಾತ್ರ. ಅವನು ಸುಳ್ಳು ಹೇಳಬಹುದೇ?

ಕೇಳಲು ಇದು ಆಟದ ನಿಯಮದ ಪ್ರಶ್ನೆ. ನನಗೆ ಇದು ಕಥೆ ಹೇಳುವವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಎನ್ನಿಸಲು ಒಂದು ಕಾರಣವಿದೆ. ಎರಡು ವರ್ಷ ನಾನು ನಡೆಸಿದ ಕ್ಯಾಂಪೇನಿನಲ್ಲಿ ಗೆಳೆಯನೊಬ್ಬ ಕಳ್ಳಿಯ ಪಾತ್ರ ಆಡುತ್ತಿದ್ದ. ಒಂದು ರಾತ್ರಿ ಸೇತುವೆಯ ಮೇಲಿನ ಕಾಳಗದಲ್ಲಿ ಪರದೆಯ ಹಿಂದೆ 20 ಬಿತ್ತು. ಅವಳು ಸಾಯಬೇಕಿತ್ತು. ಅವಳ ತಮ್ಮನನ್ನು ಹುಡುಕುವ ಕಥೆಯನ್ನು ನಾನು ಅರ್ಧಕ್ಕೆ ತಂದು ನಿಲ್ಲಿಸಿದ್ದೆ. ‘ಹೊಡೆತ ತಪ್ಪಿತು’ ಅಂದುಬಿಟ್ಟೆ. ತಿಂಗಳುಗಳಾದ ಮೇಲೆ ಚಹಾ ಕುಡಿಯುತ್ತಾ, ಉಪಕಾರ ಮಾಡಿದವನ ಗತ್ತಿನಲ್ಲಿ ಅವನಿಗೆ ಅದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಹಾಗಾದ್ರೆ ಆಮೇಲೆ ಡ್ರ್ಯಾಗನ್ ಕೊಂದಿದ್ದೂ ನೀನೇ ಏನೋ?’ ಆಟಕ್ಕೆ ಬರುವುದನ್ನು ಅವನು ಬಿಡಲಿಲ್ಲ. ಆದರೆ ಅಂದಿನಿಂದ ದಾಳ ಉರುಳಿದಾಗಲೆಲ್ಲ ಅವನು ನೋಡುತ್ತಿದ್ದುದು ನನ್ನ ಮುಖವನ್ನು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಕಿರುಪುಸ್ತಕ. ಮೊದಲ ಮುದ್ರಣ 1,000 ಪ್ರತಿ. ಅದಕ್ಕೂ ಮುಂಚೆ ಆರ್ನೆಸನ್ ತನ್ನ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಒಂದು ದೊಡ್ಡ ಬದಲಾವಣೆ ತಂದಿದ್ದ. ಯುದ್ಧದಾಟಗಳಲ್ಲಿ ಆಟಗಾರನ ಕೈಯಲ್ಲಿ ಸೈನ್ಯವಿರುತ್ತಿತ್ತು. ಇಲ್ಲಿ ಅವನಿಗೆ ಸಿಕ್ಕಿದ್ದು ಒಬ್ಬನೇ ಒಬ್ಬ ಮನುಷ್ಯ, ಅದೂ ಮುಂದಿನ ವಾರಕ್ಕೆ ಗಾಯ, ಗಂಟು, ಹೆಸರುಗಳ ಸಮೇತ ಮುಂದುವರಿಯುವ ಮನುಷ್ಯ. ಕ್ಯಾಂಪೇನ್ ಎಂದರೆ ಈ ಮುಂದುವರಿಕೆಯೇ. ಸೈನ್ಯದಲ್ಲಿ ಹತ್ತು ಜನ ಸತ್ತರೆ ಅದು ಲೆಕ್ಕ. ಎರಡು ವರ್ಷ ಜೊತೆಗಿದ್ದವಳು ಸತ್ತರೆ ಅದು ಸಾವು. ದಾಳವನ್ನು ತಿದ್ದುವ ಆಸೆ ಹುಟ್ಟುವುದು ಅಲ್ಲಿಂದಲೇ.

ಈ ಆಸೆಗೆ ಬೇರೆ ಬೇರೆ ಉತ್ತರಗಳು ಬಂದಿವೆ. 1975ರಲ್ಲಿ ಸ್ಪರ್ಧೆಯೊಂದಕ್ಕಾಗಿ ಗೈಗ್ಯಾಕ್ಸ್ ಆಡಿಸಿದ, 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’ ಕರುಣೆಯೇ ಇಲ್ಲದ ಗೋರಿ. ಅದರ ಓಣಿಯ ತುದಿಗೆ ಬಾಯಿ ತೆರೆದ ಹಸಿರು ಪಿಶಾಚಿಯ ಮುಖವಿದೆ. ಆ ಬಾಯೊಳಗೆ ಹೋದವರು ಇಲ್ಲವಾಗುತ್ತಾರೆ. ತಪ್ಪಿಸಿಕೊಳ್ಳಲು ದಾಳದ ಅವಕಾಶವೂ ಇಲ್ಲ. ಅದನ್ನು ಕ್ರೂರ ಎನ್ನಬಹುದು, ಮೋಸ ಎನ್ನಲಾಗದು. ಅಲ್ಲಿಗೆ ಹೋದವರು ತಮ್ಮ ಬುದ್ಧಿಯ ಪರೀಕ್ಷೆಗೇ ಹೋದವರು.

ಇದಕ್ಕೆ ಪೂರಾ ಎದುರು ತುದಿಯಲ್ಲಿರುವುದು 1984ರಲ್ಲಿ ಶುರುವಾದ ‘ಡ್ರ್ಯಾಗನ್‌ಲ್ಯಾನ್ಸ್’. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಬರೆದ ಅದರ ಮೊದಲ ಕಾದಂಬರಿಯೂ ಅದೇ ವರ್ಷದ್ದು. ಕಥೆ ಮೊದಲೇ ನಿಶ್ಚಯವಾಗಿದ್ದರಿಂದ ಮುಖ್ಯರಾದವರು ನಡುದಾರಿಯಲ್ಲಿ ಸಾಯುವಂತಿರಲಿಲ್ಲ. ಅದಕ್ಕೆ ಮಾಸ್ಟರನಿಗೆ ಒಂದು ಸೂಚನೆ: ಅಂಥವರು ಸತ್ತರೆ ಸಾವನ್ನು ಮಸುಕಾಗಿಡಿ, ಹೆಣ ಸಿಗದಿರಲಿ, ಮುಂದೆ ಹೇಗೋ ಬದುಕಿಬಂದರೆಂದು ಕರೆತರಬಹುದು. ಕಾದಂಬರಿಯಲ್ಲಿ ಇದು ಹಳೆಯ ತಂತ್ರ. ಮೇಜಿನ ಮೇಲೆ ಅದರ ಅರ್ಥ ಬದಲಾಗುತ್ತದೆ. ಓದುಗ ಬೇರೊಬ್ಬನ ಆಯ್ಕೆಗಳನ್ನು ನೋಡುತ್ತಿರುತ್ತಾನೆ. ಆಟಗಾರ ತಾನೇ ಆಯ್ದುಕೊಳ್ಳುತ್ತಿದ್ದೇನೆಂದು ನಂಬಿರುತ್ತಾನೆ. ಆ ನಂಬಿಕೆ ಮುರಿದರೆ ಅವನಿಗೆ ಉಳಿಯುವುದು ನಿಧಾನವಾಗಿ ಓದಿಸಿದ ಒಂದು ಸಾಧಾರಣ ಕಾದಂಬರಿ ಮಾತ್ರ.

ಹಾಗಾದರೆ ಕರುಣೆಗೆ ಜಾಗವೇ ಇಲ್ಲವೇ? 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ, ಅದೇ ಗೋರಿ ಕಟ್ಟಿದ ಗೈಗ್ಯಾಕ್ಸ್, ದಾಳವನ್ನು ಮೀರುವ ಹಕ್ಕನ್ನು ಮಾಸ್ಟರನಿಗೆ ಕೊಡುತ್ತಾನೆ. ಅವನ ಉದಾಹರಣೆಗಳನ್ನು ಗಮನಿಸಬೇಕು. ಎಲ್ಲವನ್ನೂ ಸರಿಯಾಗಿ ಮಾಡಿ ಬರೀ ದುರದೃಷ್ಟದಿಂದ ಸಾಯುವವನನ್ನು ಉಳಿಸಬಹುದು, ಆದರೆ ಅವನು ಪ್ರಜ್ಞೆ ತಪ್ಪಲಿ, ಕೈಯನ್ನೋ ಕಾಲನ್ನೋ ಕಳೆದುಕೊಳ್ಳಲಿ. ಅಂದರೆ ದಾಳ ಬಿದ್ದದ್ದು ಸುಳ್ಳಾಗುವುದಿಲ್ಲ, ಅದರ ಗುರುತು ಮೈಮೇಲೆ ಉಳಿಯುತ್ತದೆ. ನನ್ನ ‘ತಪ್ಪಿತು’ ಎಂಬ ಮಾತಿಗೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಸಣ್ಣದಲ್ಲ. ನಾನು ಸಾವನ್ನಷ್ಟೇ ಅಳಿಸಲಿಲ್ಲ. ಸೇತುವೆಯ ಮೇಲೆ ನಿಂತು ಹೋರಾಡಿದ ಅವಳ ನಿರ್ಧಾರದ ಬೆಲೆಯನ್ನೂ ಅಳಿಸಿದೆ. 2014ರ ಐದನೆಯ ಆವೃತ್ತಿಯ ಮಾರ್ಗದರ್ಶಿಯಂತೂ, ಬೇಕಾದರೆ ದಾಳವನ್ನು ತಿದ್ದಿಕೊಳ್ಳಬಹುದು ಎಂಬುದನ್ನು ಪರದೆಯ ಅನುಕೂಲಗಳಲ್ಲಿ ಒಂದಾಗಿ ಎಣಿಸುತ್ತದೆ.

ಇಲ್ಲಿ ತಾಳಮದ್ದಳೆ ನೆನಪಾಗದಿರದು. ವೇಷವಿಲ್ಲದೆ ಕೂತು, ಪದ್ಯದ ಚೌಕಟ್ಟಿನೊಳಗೆ ಅರ್ಥಧಾರಿಗಳು ಅಲ್ಲಿಯೇ ಮಾತು ಕಟ್ಟುತ್ತಾರೆ. ವಾಲಿಯ ಅರ್ಥ ಹೇಳುವವರು ವಾದದಲ್ಲಿ ರಾಮನನ್ನು ಸೋಲಿಸಿಬಿಡಬಹುದು, ಆದರೂ ವಾಲಿ ಸಾಯಲೇಬೇಕು. ಕೊನೆ ಕಟ್ಟಿಟ್ಟದ್ದಾದರೂ ಅಲ್ಲಿ ಯಾರಿಗೂ ಮೋಸವಿಲ್ಲ, ಏಕೆಂದರೆ ಆ ಕೊನೆ ಅರ್ಥಧಾರಿಗಳಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದ್ದರಿಂದ ನನ್ನ ತಕರಾರು ಮೊದಲೇ ಬರೆದ ಕಥೆಯ ಮೇಲಲ್ಲ. ಬರೆದಿಟ್ಟುಕೊಂಡು, ಬರೆದಿಲ್ಲವೆಂದು ನಟಿಸುವುದರ ಮೇಲೆ.

ನಟಿಸದೆಯೂ ಕಥೆ ಕಟ್ಟಬಹುದೆಂಬುದಕ್ಕೆ ಎರಡು ಒಳ್ಳೆಯ ಮಾದರಿಗಳಿವೆ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ 1983ರಲ್ಲಿ ಬರೆದ ‘ರೇವನ್‌ಲಾಫ್ಟ್’ನಲ್ಲಿ ರಕ್ತಪಿಶಾಚಿ ಸ್ಟ್ರಾಡ್‌ನ ಉದ್ದೇಶವೇನು, ಅವನನ್ನು ಸೋಲಿಸುವ ವಸ್ತುಗಳು ಕೋಟೆಯ ಯಾವ ಮೂಲೆಯಲ್ಲಿವೆ ಎಂಬುದನ್ನು ಇಸ್ಪೀಟು ಎಲೆಗಳು ನಿರ್ಧರಿಸುತ್ತವೆ. ಭವಿಷ್ಯ ಹೇಳುವವಳ ಮುಂದೆ, ಆಟಗಾರರ ಕಣ್ಣೆದುರೇ ಎಲೆ ಬೀಳುತ್ತದೆ. ವಿನ್ಸೆಂಟ್ ಬೇಕರ್ 2010ರಲ್ಲಿ ತಂದ ‘ಅಪೋಕ್ಯಾಲಿಪ್ಸ್ ವರ್ಲ್ಡ್’ ಇನ್ನೂ ನೇರ: ಆಟ ನಡೆಸುವವನು ದಾಳ ಮುಟ್ಟುವುದೇ ಇಲ್ಲ. ಆಟಗಾರ ಎರಡು ದಾಳ ಹಾಕಿ, ಪಾತ್ರದ ಶಕ್ತಿಗೆ ತಕ್ಕಂತೆ ಕೂಡಿಯೋ ಕಳೆದೋ ನೋಡುತ್ತಾನೆ. 10 ಅಥವಾ ಮೇಲೆ ಬಂದರೆ ಗೆಲುವು. 7ರಿಂದ 9 ಬಂದರೆ ಗೆಲುವೇ, ಆದರೆ ಸಾಮಾನ್ಯವಾಗಿ ಅದಕ್ಕೊಂದು ಬೆಲೆ. ಅದಕ್ಕೂ ಕಡಿಮೆ ಬಂದರೆ ಕೆಡುಕಿಗೆ ಸಿದ್ಧನಾಗಬೇಕು. ಬಚ್ಚಿಡಲು ಪರದೆಯ ಹಿಂದೆ ಏನೂ ಇಲ್ಲ.

ಆಟವೆಂದರೆ ಖುಷಿ, ಖುಷಿಗಾಗಿ ಒಂದು ಸುಳ್ಳು ಹೇಳಿದರೇನು ಎಂದು ಕೇಳುವವರಿದ್ದಾರೆ. ಅವರ ಮಾತು ಪೂರ್ತಿ ತಪ್ಪಲ್ಲ. ಸಾವು ಬೇಡವೆನ್ನುವ ಮೇಜು ಆಡಲು ಕೂರುವ ಮುಂಚೆಯೇ ಹಾಗೆಂದು ಒಪ್ಪಿಕೊಂಡು ಆಡಬಹುದು, ಅದೂ ಒಳ್ಳೆಯ ಆಟವೇ. ಆದರೆ ಕ್ಯಾಂಪೇನಿಗೆ ಉಳಿಯುವ ಪಠ್ಯವಿಲ್ಲ. ಮುಗಿದ ಮೇಲೆ ಕೈಯಲ್ಲಿರುವುದು ಸುಕ್ಕಾದ ಹಾಳೆಗಳು, ಮತ್ತು ‘ಅವತ್ತು ಹೀಗಾಯಿತು’ ಎಂಬ ಐದಾರು ಜನರ ನೆನಪು. ಆ ‘ಆಯಿತು’ ಎಂಬ ಕ್ರಿಯಾಪದವೇ ಇಡೀ ಕೃತಿ. ಅದನ್ನು ಒಬ್ಬನೇ ಗುಟ್ಟಾಗಿ ತಿದ್ದಿದರೆ ಉಳಿದವರ ನೆನಪು ನಕಲಿಯಾಗುತ್ತದೆ.

ಈಗ ನನ್ನ ಮೇಜಿನ ಮೇಲೆ ಪರದೆ ಇದೆ. ನಕ್ಷೆ ಮುಚ್ಚಿಡಲು ಅದು ಬೇಕು. ಜೀವದ ಪ್ರಶ್ನೆ ಬಂದಾಗ ದಾಳ ಮಾತ್ರ ನಡುವೆ, ಎಲ್ಲರಿಗೂ ಕಾಣುವಂತೆ ಬೀಳುತ್ತದೆ. ಕಳೆದ ಸಲ ನನ್ನ ಗೆಳೆಯನ ಹೊಸ ಪಾತ್ರ ಮೂರನೆಯ ವಾರಕ್ಕೇ ಸತ್ತಿತು. ಅವನು ದಾಳವನ್ನು ನೋಡಿದ, ಬೈದ, ಹೊಸ ಹಾಳೆ ಕೇಳಿದ.