ಹೈಡ್ರಿಲ್ಲ ಪ್ರಯೋಗ: ಬೀಕರು ಹೇಳದ ಸಂಗತಿಗಳು

ಪ್ರೌಢಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಬರುವ ಈ ಚಿತ್ರ ನಿಮಗೆ ನೆನಪಿರಬೇಕು. ನೀರು ತುಂಬಿದ ಬೀಕರು, ಅದರೊಳಗೆ ಬೋರಲು ಹಾಕಿದ ಆಲಿಕೆ, ಆಲಿಕೆಯಡಿ ಹೈಡ್ರಿಲ್ಲ ಗಿಡದ ತುಂಡುಗಳು, ಮೇಲೆ ನೀರು ತುಂಬಿ ಮಗುಚಿಟ್ಟ ಪ್ರನಾಳ. ಬಿಸಿಲಿನಲ್ಲಿಟ್ಟರೆ ಗುಳ್ಳೆಗಳೇಳುತ್ತವೆ. ಪ್ರನಾಳದಲ್ಲಿ ಸಂಗ್ರಹವಾದ ಅನಿಲಕ್ಕೆ ಕೆಂಡದ ಕಡ್ಡಿ ಹಿಡಿದರೆ ಅದು ಹೊತ್ತಿಕೊಳ್ಳುತ್ತದೆ. ‘ದ್ಯುತಿಸಂಶ್ಲೇಷಣೆಯಲ್ಲಿ ಆಕ್ಸಿಜನ್ ಬಿಡುಗಡೆಯಾಗುತ್ತದೆ’ ಎಂದು ಬರೆದು ಪಾಠ ಮುಗಿಸುತ್ತೇವೆ. ಸರಳವಾದ, ಒಳ್ಳೆಯ ಪ್ರಯೋಗ. ಆದರೆ ನಮ್ಮಲ್ಲಿ ಬಹುಮಂದಿಗೆ ನೀರೊಳಗಿನ ಸಸ್ಯದ ಪರಿಚಯವಾಗುವುದು ಇದೊಂದರಿಂದಲೇ. ಆದ್ದರಿಂದ ಇದರ ಕೊರತೆಗಳನ್ನೂ ನೋಡಬೇಕು.

ಮೊದಲನೆಯದು, ಈ ಬೀಕರಿಗೆ ರಾತ್ರಿಯೇ ಇಲ್ಲ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಕತ್ತಲಲ್ಲಿ ಆಕ್ಸಿಜನ್ನನ್ನು ಬಳಸುತ್ತದೆಯೇ ಹೊರತು ಕೊಡುವುದಿಲ್ಲ. ಗಿಡ ದಟ್ಟವಾಗಿರುವ ಕೆರೆಯಲ್ಲಿ ಆಕ್ಸಿಜನ್ ಮಧ್ಯಾಹ್ನದ ನಂತರ ಅತಿ ಹೆಚ್ಚು, ಬೆಳಗಿನ ಜಾವ ಅತಿ ಕಡಿಮೆ. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಬೀಕರಿನಲ್ಲಿ ಕೆಸರಿಲ್ಲ, ಜೀವಿಗಳಿಲ್ಲ. ಕೆರೆಯಲ್ಲಿ ಎಲೆಗಳ ಮೇಲೆ ಡಯಾಟಮ್‌ಗಳು ಬೆಳೆಯುತ್ತವೆ, ಬಸವನಹುಳು ಅವನ್ನು ಮೇಯುತ್ತದೆ, ಮೀನುಮರಿಗಳು ಅಲ್ಲಿ ಅಡಗುತ್ತವೆ. ಬೇರುಗಳು ಹೂಳನ್ನು ಹಿಡಿದಿಡುತ್ತವೆ. ಸಾರಜನಕ, ರಂಜಕಗಳನ್ನು ಗಿಡ ಹೀರುವುದರಿಂದ ತೇಲುವ ಪಾಚಿಗೆ ಸಿಗುವ ಪಾಲು ಕಡಿಮೆಯಾಗಿ ನೀರು ತಿಳಿಯಾಗಿರುತ್ತದೆ. ‘ಕೆರೆ ಶುದ್ಧಿ’ ಎಂದು ಎಲ್ಲವನ್ನೂ ಕಿತ್ತುಹಾಕಿದರೆ ನೀರು ಹಸಿರುಗಟ್ಟಬಹುದು. ಹಾಗೆಂದು ಈ ಗಿಡ ಎಲ್ಲೆಡೆಯೂ ಉಪಕಾರಿಯಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿದ ಹೈಡ್ರಿಲ್ಲ ಅಲ್ಲಿ ಕಾಲುವೆಗಳನ್ನೇ ಕಟ್ಟಿಹಾಕುವ ಕಳೆಯಾಯಿತು.

ಮೂರನೆಯದು, ಬೀಕರಿನ ನೀರು ಹರಿಯುವುದಿಲ್ಲ. ಕೊಡಗಿನ ವಿದ್ಯಾರ್ಥಿಗೆ ಇದೇ ದೊಡ್ಡ ಕೊರತೆ. ಪಶ್ಚಿಮ ಘಟ್ಟದ ರಭಸದ ಹೊಳೆಗಳಲ್ಲಿ ಪೋಡೋಸ್ಟೆಮೇಸಿ ಕುಟುಂಬದ ಸಸ್ಯಗಳಿವೆ. ನೋಡಲು ಪಾಚಿಯಂತೆ, ಕಲ್ಲುಹೂವಿನಂತೆ ಬಂಡೆಗೆ ಅಂಟಿಕೊಂಡಿದ್ದರೂ ಇವು ಹೂಬಿಡುವ ಸಸ್ಯಗಳು! ಮಳೆಗಾಲವಿಡೀ ನೀರಿನಡಿ ಬೆಳೆದು, ನೀರಿಳಿದು ಬಂಡೆ ಹೊರಗೆ ಕಂಡಾಗ ಹೂಬಿಟ್ಟು, ಬೀಜ ಕಟ್ಟಿ ಒಣಗುತ್ತವೆ. ಲೋಳೆಯಿರುವ ಬೀಜ ಬಂಡೆಗೇ ಅಂಟಿ ಮುಂದಿನ ಮಳೆಗೆ ಕಾಯುತ್ತದೆ. ಹೊಳೆಯ ಏರಿಳಿತವೇ ಇವುಗಳ ಪಂಚಾಂಗ. ಅಣೆಕಟ್ಟಿನ ಹಿಂದೆ ನೀರು ನಿಂತು ಬಂಡೆ ಸದಾ ಮುಳುಗಿದ್ದರೆ ಆ ಪಂಚಾಂಗ ತಪ್ಪುತ್ತದೆ.

ಇವು ಹೂಬಿಡುವ ಚಳಿಗಾಲವೇ ಕಾಫಿ ಕೊಯ್ಲಿನ ಕಾಲವೂ ಹೌದು. ಸಂಸ್ಕರಿಸದ ಪಲ್ಪಿಂಗ್ ನೀರಿನ ಜೈವಿಕ ಆಕ್ಸಿಜನ್ ಬೇಡಿಕೆ ಲೀಟರಿಗೆ ಸಾವಿರಾರು ಮಿಲಿಗ್ರಾಂ. ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ ಮಾತ್ರ. ಹೊಳೆ ಬತ್ತುತ್ತಿರುವಾಗ ಇಂಥ ನೀರು ಸೇರಿದರೆ ಯಾವ ಗಿಡದ ಗುಳ್ಳೆಗಳೂ ಆ ಸಾಲವನ್ನು ತೀರಿಸಲಾರವು. ‘ಗಿಡವಿದೆ, ಆಕ್ಸಿಜನ್ ಬರುತ್ತದೆ’ ಎಂಬ ಅರೆಪಾಠ ಅಪಾಯಕಾರಿಯಾಗುವುದು ಇಲ್ಲಿಯೇ.

ಪ್ರಯೋಗವನ್ನು ಕೈಬಿಡಬೇಕಿಲ್ಲ, ಬೆಳೆಸಬೇಕು. ಎರಡನೆಯ ಬೀಕರನ್ನು ಕಪ್ಪು ಕಾಗದದಿಂದ ಮುಚ್ಚಿಡಿ. ಜನವರಿಯಲ್ಲಿ, ನೀರು ಇಳಿದಿರುವ ಸುರಕ್ಷಿತ ಜಾಗದಲ್ಲಿ, ಮಕ್ಕಳನ್ನು ಹತ್ತಿರದ ಹೊಳೆಗೆ ಕರೆದೊಯ್ದು ಮಸೂರದಿಂದ ಬಂಡೆಯನ್ನು ತೋರಿಸಿ. ಗಿಡವನ್ನು ಕೆರೆದು ತರುವುದು ಬೇಡ. ಚಿತ್ರ ಬರೆದು ತಂದರೆ ಸಾಕು. ಆಗ ಪುಸ್ತಕದ ಬೀಕರಿಗೂ ಊರ ಹೊಳೆಗೂ ಇರುವ ನಂಟು ಅವರಿಗೆ ತಾನಾಗಿಯೇ ತಿಳಿಯುತ್ತದೆ.