ಕಾಣದ ಕಿರಣದ ಕಮ್ಮಟ

ಪದವಿಯ ಹಂಗಿಲ್ಲದೆ, ಸಂಬಳದ ಅಪೇಕ್ಷೆಯಿಲ್ಲದೆ, ಕೇವಲ ಅರಿಯಬೇಕೆಂಬ ಹಂಬಲದಿಂದ ಮನೆಯ ಒಂದು ಮೂಲೆಯಲ್ಲಿ ವಿಜ್ಞಾನದ ಉಪಕರಣಗಳನ್ನು ತಮ್ಮ ಕೈಯಿಂದಲೇ ಕಟ್ಟಿಕೊಳ್ಳುವ ಹವ್ಯಾಸಿಗಳ ಪರಂಪರೆಯೊಂದು ಅಮೆರಿಕೆಯಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆ ಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ವಾಣಿಯನ್ನೂ ವೇದಿಕೆಯನ್ನೂ ಒದಗಿಸಿದ್ದು ‘ಸೈಂಟಿಫಿಕ್ ಅಮೆರಿಕನ್’ ಮಾಸಪತ್ರಿಕೆಯ ‘ದಿ ಅಮೆಚೂರ್ ಸೈಂಟಿಸ್ಟ್’ ಎಂಬ ಅಂಕಣ. 1950ರ ದಶಕದ ನಡುವಿನಿಂದ ಸುಮಾರು ಎರಡು ದಶಕಗಳ ಕಾಲ ಅದನ್ನು ನಡಸಿಕೊಂಡು ಬಂದವರು ಸಿ. ಎಲ್. ಸ್ಟಾಂಗ್. ಭೌತವಿಜ್ಞಾನಿ ಥಿಯೋಡೋರ್ ಮೈಮನ್ ಮೊತ್ತಮೊದಲ ಲೇಸರಾದ ತನ್ನ ಮಾಣಿಕ್ಯದ ಲೇಸರನ್ನು ಬೆಳಗಿಸಿದ್ದು 1960ರಲ್ಲಿ. ನಾಲ್ಕು ವರ್ಷಗಳ ತರುವಾಯ, 1964ರ ಸೆಪ್ಟೆಂಬರ್ ಸಂಚಿಕೆಯಲ್ಲಿ, ಹೀಲಿಯಂ-ನಿಯಾನ್ ಲೇಸರನ್ನು ಮನೆಯಲ್ಲಿ ಕಟ್ಟುವ ಬಗೆಯನ್ನು ಸ್ಟಾಂಗರ ಅಂಕಣ ವಿವರಿಸಿತು. 1971ರ ಸೆಪ್ಟೆಂಬರಿನಲ್ಲಿ ಅದೇ ಅಂಕಣ ಇನ್ನೂ ಮುಂದಕ್ಕೆ ಹೋಗಿ, ಕ್ಯಾಲಿಫೋರ್ನಿಯದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ನಿರ್ಮಿಸಿದ ಇಂಗಾಲದ ಡೈಆಕ್ಸೈಡ್ ಲೇಸರನ್ನು, ಎಂದರೆ ಕಣ್ಣಿಗೆ ಎಂದೆಂದಿಗೂ ಕಾಣದ ಅವಕೆಂಪು ಕಿರಣದ ಯಂತ್ರವನ್ನು, ಓದುಗರ ಮುಂದಿರಿಸಿತು. ಅಂದಿನಿಂದ ಇಂದಿನವರೆಗೆ ಲೋಕದ ಹಲವೆಡೆ ಹವ್ಯಾಸಿಗಳು ಕೈಗೊಂಡಿರುವ ಈ ಕಾರ್ಯದ ಗುಣದೋಷಗಳನ್ನು ತೂಗಿನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗುಣವಿಚಾರಕ್ಕೆ ಮುನ್ನ ವಸ್ತುವಿನ ಸ್ವರೂಪವನ್ನು ತಿಳಿದುಕೊಳ್ಳಬೇಕು. ಒಂದು ಮೀಟರಿನ ಆಸುಪಾಸು ಉದ್ದದ ಗಾಜಿನ ಕೊಳವೆ. ಬಿಸಿಯನ್ನು ಕೊಂಡೊಯ್ಯಲು ಅದರ ಸುತ್ತ ನೀರು ಹರಿಯುವ ಇನ್ನೊಂದು ಕೊಳವೆ. ಎರಡು ತುದಿಗಳಲ್ಲಿ ಒಂದಕ್ಕೊಂದು ಅಭಿಮುಖವಾದ ಎರಡು ದರ್ಪಣಗಳು. ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡದ ಸುಮಾರು ಐವತ್ತನೆಯ ಒಂದು ಭಾಗಕ್ಕೆ ಇಳಿಸುವ ನಿರ್ವಾತ ಪಂಪು. ಅಂಗಡಿಗಳ ನಿಯಾನ್ ಫಲಕಗಳನ್ನು ಬೆಳಗಿಸುವ, ಹತ್ತು ಹದಿನೈದು ಸಾವಿರ ವೋಲ್ಟುಗಳ ಟ್ರಾನ್ಸ್‌ಫಾರ್ಮರು. ಇವಿಷ್ಟೇ ಅದರ ಸ್ಥೂಲ ಶರೀರ. ಅದರ ಪ್ರಾಣವಿರುವುದು ಒಳಗೆ ಹರಿಯುವ ಮೂರು ಅನಿಲಗಳ ಮಿಶ್ರಣದಲ್ಲಿ. ಈ ಮಿಶ್ರಣದ ಮರ್ಮವನ್ನು 1960ರ ದಶಕದ ನಡುಭಾಗದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಿಡಿಸಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದ ಸಿ. ಕುಮಾರ್ ಎನ್. ಪಟೇಲರು ಎಂಬುದನ್ನು ನೆನೆಯುವುದು ನಮಗೆ ಸಹಜವಾಗಿಯೇ ಹರ್ಷದಾಯಕ.

ಪಟೇಲರ ಸೂಕ್ಷ್ಮದೃಷ್ಟಿ ಇಂಥದು. ಕೊಳವೆಯಲ್ಲಿ ವಿದ್ಯುತ್ತು ಹರಿಯುವಾಗ ಧಾವಿಸುವ ಎಲೆಕ್ಟ್ರಾನುಗಳು ಸಾರಜನಕದ ಅಣುಗಳಿಗೆ ಡಿಕ್ಕಿಹೊಡೆದು ಅವುಗಳಲ್ಲಿ ಕಂಪನವನ್ನುಂಟುಮಾಡುತ್ತವೆ. ಒಂದೇ ಜಾತಿಯ ಎರಡು ಪರಮಾಣುಗಳಿಂದಾದ ಆ ಅಣುವಿಗೆ ತನ್ನ ಕಂಪನಶಕ್ತಿಯನ್ನು ಬೆಳಕಾಗಿ ಹೊರಚೆಲ್ಲುವ ದಾರಿ ಇಲ್ಲವಾದುದರಿಂದ, ಅದು ಆ ಶಕ್ತಿಯನ್ನು ಬಹಳ ಹೊತ್ತು ಕಾಪಾಡಿಕೊಂಡಿದ್ದು, ಬಹುಮಟ್ಟಿಗೆ ಅಷ್ಟೇ ಪ್ರಮಾಣದ ಶಕ್ತಿಯಿಂದ ಕಂಪಿಸಬಲ್ಲ ಇಂಗಾಲದ ಡೈಆಕ್ಸೈಡ್ ಅಣುವೊಂದು ಎದುರಾದಾಗ ಅದಕ್ಕೆ ಒಪ್ಪಿಸಿಬಿಡುತ್ತದೆ. ಹೀಗೆ ಮೇಲಿನ ಶಕ್ತಿಮಟ್ಟದಲ್ಲಿ ಅಣುಗಳ ಸಂಖ್ಯೆ ಕೆಳಗಿನದಕ್ಕಿಂತ ಹೆಚ್ಚಿದಾಗ, ಐನ್‌ಸ್ಟೈನ್ 1917ರಲ್ಲಿ ಸಿದ್ಧಾಂತರೂಪದಿಂದ ಹೇಳಿದ ಪ್ರಚೋದಿತ ಉತ್ಸರ್ಜನೆ ಮೇಲುಗೈ ಪಡೆದು, 10.6 ಮೈಕ್ರೋಮೀಟರ್ ತರಂಗದೂರದ ಕಿರಣ ದರ್ಪಣಗಳ ನಡುವೆ ಹೋಗಿಬರುತ್ತ ಬಲಿಯುತ್ತದೆ. ಅಣುಗಳು ಇಳಿದ ಕೆಳಮಟ್ಟವನ್ನು ಬೇಗನೆ ಬರಿದುಮಾಡಿ, ಉಳಿದ ಬಿಸಿಯನ್ನು ಕೊಳವೆಯ ಗೋಡೆಗೆ ಮುಟ್ಟಿಸುವ ಕೆಲಸ ಹೀಲಿಯಂನದು. ಪುಸ್ತಕದಲ್ಲಿ ಇದನ್ನೋದಿ ತಲೆದೂಗುವವನಿಗೂ, ಹೀಲಿಯಂನ ಕವಾಟವನ್ನು ತಾನೇ ಮುಚ್ಚಿ ಕಿರಣದ ಬಲ ಕುಗ್ಗುವುದನ್ನು ಅಳೆದುನೋಡಿದವನಿಗೂ ದೊರೆಯುವ ಜ್ಞಾನ ಒಂದೇ ಬಗೆಯದಲ್ಲ. ಅನಿಲವನ್ನು ತಣ್ಣಗಿಡುವ ನೀರನ್ನು ಏಕೆ ನಿಲ್ಲಿಸಬಾರದೆಂಬುದು ಎರಡನೆಯವನಿಗೆ ನಿಯಮವಾಗಿ ಅಲ್ಲ, ಅನುಭವವಾಗಿ ಒದಗಿರುತ್ತದೆ. ಈ ಹವ್ಯಾಸದ ಮೊದಲ ಗುಣವೆಂದು ನಾನು ಎಣಿಸುವುದು ಇದನ್ನೇ.

ಎರಡನೆಯ ಗುಣ ಅವಕೆಂಪಿನ ಸ್ವಭಾವದಿಂದಲೇ ಒದಗಿಬಂದದ್ದು. ಹೀಲಿಯಂ-ನಿಯಾನ್ ಲೇಸರಿನ ಕೆಂಬೆಳಕು ಕೊಳವೆಯನ್ನು ಒಮ್ಮೆ ಹಾದುಹೋದರೆ ನೂರಕ್ಕೆ ಒಂದೆರಡು ಪಾಲು ಮಾತ್ರ ವೃದ್ಧಿಹೊಂದುವುದರಿಂದ, ಅದರ ದರ್ಪಣಗಳು ಬಹುಪದರದ ಲೇಪನದಿಂದ ಸಿದ್ಧವಾಗಿ, ಬೀಳುವ ಬೆಳಕನ್ನು ಬಹುತೇಕ ಪೂರ್ಣವಾಗಿ ಹಿಂದಿರುಗಿಸಬೇಕು. ಅಂಥವನ್ನು ಮನೆಯಲ್ಲಿ ಮಾಡಿಕೊಳ್ಳುವುದು ಸಾಮಾನ್ಯರಿಗೆ ಅಸಾಧ್ಯ. ಇಂಗಾಲದ ಡೈಆಕ್ಸೈಡಿನ ಕಿರಣವಾದರೋ ಧಾರಾಳವಾಗಿ ವೃದ್ಧಿಹೊಂದುತ್ತದೆ. ಚಿನ್ನದ ತೆಳುಲೇಪವಿರುವ ಗಾಜು, ಕೆಲವೊಮ್ಮೆ ನುಣುಪಾಗಿ ಉಜ್ಜಿದ ತಾಮ್ರ, ಅದರ ದರ್ಪಣಕ್ಕೆ ಸಾಲುತ್ತದೆ. ಅದರ ತರಂಗದೂರ ಹಸುರು ಬೆಳಕಿನದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ದೊಡ್ಡದಾದುದರಿಂದ, ಕನ್ನಡಿಯ ಮೈಯಲ್ಲಿ ಉಳಿದ ಸಣ್ಣಪುಟ್ಟ ಏರುಪೇರುಗಳನ್ನು ಅದು ಅಷ್ಟೇ ಪಟ್ಟು ಉದಾರವಾಗಿ ಕ್ಷಮಿಸುತ್ತದೆ. ಆದರೂ ದರ್ಪಣಗಳನ್ನು ಪರಸ್ಪರ ಸಮಾಂತರಕ್ಕೆ ತರುವಾಗ ಬೇಕಾಗುವ ತಾಳ್ಮೆ, ತಂಬೂರಿಯ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಶ್ರುತಿಗಾಗಿ ಕಿವಿಗೊಡುವ ಗಾಯಕನ ತಾಳ್ಮೆಯೇ ಸರಿ. ತಿರುಪುಗಳನ್ನು ಅವಸರದಿಂದ ತಿರುಗಿಸುವವನಿಗೆ ಆ ಯಂತ್ರ ಎಂದಿಗೂ ಒಲಿಯುವುದಿಲ್ಲ.

ಆದರೆ ಈ ಸಾಧನೆಯ ಶ್ರೇಷ್ಠವಾದ ಗುಣ, ನನ್ನ ಮತದಲ್ಲಿ, ಇನ್ನೊಂದು. ಅವಕೆಂಪಿನ ರಾಜ್ಯದಲ್ಲಿ ಕಣ್ಣು ಸಾಕ್ಷಿಯ ಸ್ಥಾನದಿಂದ ವಜಾ ಆಗಿರುತ್ತದೆ. ಕಣ್ಣಿಗೆ ನಿರ್ಮಲವಾಗಿ ಕಾಣುವ ಗಾಜು ಈ ಕಿರಣಕ್ಕೆ ಗೋಡೆಯಾಗುತ್ತದೆ. ಕಣ್ಣಿಗೆ ಲೋಹದಂತೆ ಮುಚ್ಚಿಕೊಂಡಿರುವ ಜರ್ಮೇನಿಯಂ ಅದಕ್ಕೆ ಕಿಟಕಿಯಾಗುತ್ತದೆ. ಉಪ್ಪಿನ ಹರಳು ಎರಡಕ್ಕೂ ಪಾರದರ್ಶಕವಾದರೂ ಗಾಳಿಯ ತೇವವನ್ನು ಹೀರಿ ಮಂಕಾಗುವುದರಿಂದ, ಅದನ್ನು ಕಿಟಕಿಯಾಗಿ ಬಳಸಿದವನು ಸದಾ ಎಚ್ಚರದಿಂದಿರಬೇಕು. ಕೊಳವೆಯಲ್ಲಿ ಕಾಣುವ ನಸುಗೆಂಪಿನ ಹೊಳಪು ವಿದ್ಯುತ್ತಿನ ವಿಸರ್ಜನೆಯದು ಮಾತ್ರ. ಕಿರಣ ಹುಟ್ಟಿತೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ನಮ್ಮ ತಾರ್ಕಿಕರು ಪರ್ವತದ ಮೇಲಿನ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುವುದನ್ನು ಅನುಮಾನ ಪ್ರಮಾಣದ ಉದಾಹರಣೆಯಾಗಿ ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಇಲ್ಲಿ ಕೊಳವೆಯ ಮುಂದಿರಿಸಿದ ಮರದ ತುಂಡಿನಿಂದೇಳುವ ಹೊಗೆಯಿಂದ ಕಾಣದ ಕಿರಣವನ್ನು ಊಹಿಸಬೇಕಾಗುತ್ತದೆ. ಒಳ್ಳೆಯ ಹವ್ಯಾಸಿ ಅಲ್ಲಿಗೆ ನಿಲ್ಲುವುದಿಲ್ಲ. ಕಪ್ಪುಬಳಿದ ಲೋಹದ ತುಂಡಿಗೆ ಕಿರಣವನ್ನು ಹಾಯಿಸಿ, ಅದರ ತಾಪ ಎಷ್ಟು ಹೊತ್ತಿನಲ್ಲಿ ಎಷ್ಟು ಏರಿತೆಂಬುದನ್ನು ಉಷ್ಣಮಾಪಕದಿಂದ ತಿಳಿದು, ಆ ಲೋಹದ ತೂಕ ಮತ್ತು ವಿಶಿಷ್ಟೋಷ್ಣದಿಂದ ಶಕ್ತಿಯನ್ನು ವ್ಯಾಟುಗಳಲ್ಲಿ ಲೆಕ್ಕಹಾಕುತ್ತಾನೆ. ಆ ಕ್ಷಣದಲ್ಲಿ ಅವನು, 1800ರಲ್ಲಿ ಸೂರ್ಯನ ವರ್ಣಪಟಲದ ಕೆಂಪಿನಾಚೆಯ ಕತ್ತಲಲ್ಲಿ ಉಷ್ಣಮಾಪಕವನ್ನಿರಿಸಿ ಅವಕೆಂಪನ್ನು ಮೊದಲಿಗೆ ಗುರುತಿಸಿದ ವಿಲಿಯಂ ಹರ್ಷಲನ ನೇರ ಶಿಷ್ಯನಾಗುತ್ತಾನೆ. ಸಂಗೀತವನ್ನು ವೃತ್ತಿಯಾಗುಳ್ಳ ಹರ್ಷಲ್, ಬಾತ್ ನಗರದ ತನ್ನ ಮನೆಯಲ್ಲಿ ತಂಗಿ ಕ್ಯಾರೊಲೈನಳ ನೆರವಿನಿಂದ ದೂರದರ್ಶಕದ ದರ್ಪಣಗಳನ್ನು ಕೈಯಾರೆ ಉಜ್ಜಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವನು. ಆದುದರಿಂದ ಅವಕೆಂಪಿನ ಇತಿಹಾಸದ ಬುಡದಲ್ಲಿಯೇ ಮನೆಯ ಕುಶಲಕರ್ಮಿಯೊಬ್ಬನ ಕೈ ಇದೆಯೆಂದರೆ ಅತಿಶಯೋಕ್ತಿಯಾಗದು.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮೃದುವಾಗಿ ಹೇಳುವುದು ನ್ಯಾಯವಲ್ಲ. ಏಕೆಂದರೆ ಇಲ್ಲಿ ದೋಷವೆಂಬುದು ಪ್ರಾಣಕ್ಕೂ ಕಣ್ಣಿಗೂ ಸಂಬಂಧಿಸಿದ್ದು. ಕೊಳವೆಗೆ ಉಣಿಸುವ ವಿದ್ಯುತ್ತು ಒಮ್ಮೆ ಎದೆಯನ್ನು ಹಾಯ್ದರೆ ಸಾವು ದೂರವಿಲ್ಲ. ಕೆಪಾಸಿಟರುಗಳಿದ್ದಲ್ಲಿ ಗುಂಡಿಯನ್ನು ಆರಿಸಿದ ಮೇಲೂ ಆ ಅಪಾಯ ಹೊಂಚುಹಾಕಿ ಕುಳಿತಿರುತ್ತದೆ. ಹತ್ತಾರು ವ್ಯಾಟುಗಳ ಅದೃಶ್ಯ ಕಿರಣ ಹೊಳಪಿನ ಲೋಹವೊಂದರಿಂದ ಚಿಮ್ಮಿ ಮುಖಕ್ಕೆ ಬಂದರೆ, ಕಣ್ಣಿನ ಮುಂಭಾಗದ ಕಾರ್ನಿಯಾ ಅದನ್ನು ಹೀರಿ ಸುಟ್ಟುಹೋಗುತ್ತದೆ. ಕೆಂಪಿಗೆ ಸಮೀಪವಾದ ಅವಕೆಂಪಿನ ಕಿರಣಗಳು, ಉದಾಹರಣೆಗೆ ನಿಯೋಡಿಮಿಯಂ ಲೇಸರಿನ 1064 ನ್ಯಾನೋಮೀಟರಿನ ಕಿರಣ, ಇನ್ನೂ ಕಪಟಿಗಳು. ಅವು ಕಾರ್ನಿಯಾವನ್ನು ದಾಟಿ, ಕಣ್ಣಿನ ಮಸೂರದಿಂದಲೇ ಒಂದು ಬಿಂದುವಿಗೆ ಕೂಡಿಸಲ್ಪಟ್ಟು, ನೋವಿನ ಸಂವೇದನೆಯೇ ಇಲ್ಲದ ಅಕ್ಷಿಪಟವನ್ನು ಸುಡುತ್ತವೆ. ಪ್ರಖರ ಬೆಳಕಿಗೆ ರೆಪ್ಪೆಯನ್ನು ತಾನಾಗಿ ಮುಚ್ಚಿಸುವ ನಿಸರ್ಗದ ರಕ್ಷಣೆ ಕಾಣದ ಬೆಳಕಿಗೆ ಜಾಗೃತವಾಗುವುದೇ ಇಲ್ಲ. ಒಂದು ಕಿರಣಕ್ಕೆ ತಡೆಯಾಗುವ ಅಕ್ರಿಲಿಕ್ ಹಲಗೆ ಇನ್ನೊಂದಕ್ಕೆ ತೆರೆದ ಬಾಗಿಲಾಗಿರುವುದರಿಂದ, ಕನ್ನಡಕ ಧರಿಸಿದ್ದೇನೆಂಬ ಸಮಾಧಾನವೂ ತರಂಗದೂರವನ್ನು ತಿಳಿಯದಿದ್ದಲ್ಲಿ ಭ್ರಮೆಯೇ ಸರಿ.

ಸ್ಟಾಂಗರ ಅಂಕಣದ ರೀತಿಯನ್ನು ಈ ದೃಷ್ಟಿಯಿಂದ ನೋಡಿದರೆ ಹೊಗಳಿಕೆಯೊಡನೆ ಒಂದು ಆಕ್ಷೇಪವನ್ನೂ ಸೇರಿಸಬೇಕಾಗುತ್ತದೆ. ಕಟ್ಟಿದವನ ಅನುಭವವನ್ನು ಗೌರವದಿಂದ ಮುಂದಿಟ್ಟು, ಪ್ರತಿಯೊಂದು ಭಾಗಕ್ಕೂ ಕಾರಣವನ್ನು ಹೇಳುವ ಆ ಗದ್ಯ, ಮತ್ತು ಬಹುವರ್ಷಗಳ ಕಾಲ ಆ ಅಂಕಣವನ್ನು ಅಲಂಕರಿಸಿದ ರೋಜರ್ ಹೇವರ್ಡರ ಸುಸ್ಪಷ್ಟ ಚಿತ್ರಗಳು, ವಿಜ್ಞಾನಬರವಣಿಗೆಗೆ ಇಂದಿಗೂ ಆದರ್ಶಪ್ರಾಯವಾದುವು. ಆದರೆ ಅಂಥ ಲೇಖನಗಳ ಸಂಪ್ರದಾಯದಲ್ಲಿ ಎಚ್ಚರಿಕೆಯೆಂಬುದು ಕಟ್ಟಡದ ಪಕ್ಕದಲ್ಲಿ ನಿಂತ ಮಾತಾಗಿರುತ್ತದೆಯೇ ವಿನಾ ಕಟ್ಟಡದ ಅಡಿಪಾಯವಾಗಿರುವುದು ವಿರಳ. ಕಿರಣವನ್ನು ಕೊನೆಯಲ್ಲಿ ನುಂಗಿಕೊಳ್ಳುವ ಇಟ್ಟಿಗೆ, ಸುತ್ತಲಿನ ಪೆಟ್ಟಿಗೆ, ಮುಚ್ಚಳ ತೆರೆದೊಡನೆ ವಿದ್ಯುತ್ತನ್ನು ಕಡಿಯುವ ಗುಂಡಿ, ಇವುಗಳ ನಕ್ಷೆ ದರ್ಪಣಗಳ ನಕ್ಷೆಗಿಂತ ಮೊದಲು ಬರತಕ್ಕದ್ದು. ಉಪಕರಣದ ಮೊದಲ ಅಂಗವೇ ಅದರ ಆವರಣ ಎಂಬ ಭಾವನೆ ಬೆಳೆಯತಕ್ಕದ್ದು.

ಈಚಿನ ಕಾಲದಲ್ಲಿ ಇದಕ್ಕಿಂತಲೂ ಖೇದಕರವಾದ ಇಳಿತವೊಂದು ತೋರಿಬರುತ್ತಿದೆ. ಮುಚ್ಚಿ ಬೆಸೆದ ಲೇಸರ್ ಕೊಳವೆಗಳು ಸಿದ್ಧವಾಗಿಯೇ ಮಾರಾಟಕ್ಕೆ ಬರುತ್ತವೆ; ಕೆಟ್ಟುಹೋದ ಯಂತ್ರಗಳಿಂದ ಬಿಚ್ಚಿ ತೆಗೆದ ಬಲವಾದ ಡಯೋಡುಗಳು ಅಗ್ಗವಾಗಿ ದೊರೆಯುತ್ತವೆ. ದೊರೆಯುವುದು ತಪ್ಪಲ್ಲ, ಅಂಥ ಕೊಳವೆಯಿಂದ ಮರವನ್ನು ಕೊರೆಯುವ ಉಪಯುಕ್ತ ಯಂತ್ರವನ್ನು ಶ್ರದ್ಧೆಯಿಂದ ಕಟ್ಟುವವರೂ ಇದ್ದಾರೆ. ಆದರೆ ಎರಡು ತಂತಿಗಳನ್ನು ಜೋಡಿಸಿ, ಬಲೂನನ್ನು ಒಡೆದು, ಕಡ್ಡಿಯನ್ನು ಹೊತ್ತಿಸಿ, ಅದನ್ನೇ ಸಿದ್ಧಿಯೆಂದು ಮೆರೆಯುವವನು ಅನುಮಾನದ ಮೊದಲ ಮೆಟ್ಟಿಲಿನಲ್ಲಿಯೇ ಕುಳಿತುಬಿಟ್ಟವನು. ಸುಟ್ಟ ಗುರುತು ಕಿರಣವಿದೆಯೆಂದು ಹೇಳುತ್ತದೆ. ಎಷ್ಟಿದೆ, ಏಕಿದೆ, ಇನ್ನೆಲ್ಲಿಗೆ ಚದರಿಹೋಗುತ್ತಿದೆ ಎಂಬುದನ್ನು ಹೇಳದು. ಹಸುರು ಕಿರಣದ ಅಗ್ಗದ ಕೈಲೇಸರುಗಳಲ್ಲಿ ಕೆಲವು, ಒಳಗಿನ ಸೋಸುಗವನ್ನು ಕೈಬಿಟ್ಟಿರುವುದರಿಂದ, ಹಸುರಿನೊಡನೆ ಅವಕೆಂಪನ್ನೂ ಹೊರಚೆಲ್ಲುತ್ತವೆಂಬುದನ್ನು 2010ರಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಕಾಣುವುದನ್ನು ಮಾತ್ರ ನಂಬಿ, ಅಳೆಯದೆ ಬಿಟ್ಟುದರ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಈ ಹವ್ಯಾಸವನ್ನು ಮೆಚ್ಚಬೇಕೆ, ನಿರುತ್ಸಾಹಗೊಳಿಸಬೇಕೆ? ಮೆಚ್ಚಬೇಕೆಂದೇ ನಾನು ಹೇಳುತ್ತೇನೆ. ಆದರೆ ಆ ಮೆಚ್ಚುಗೆ ಕಿರಣದ ಬಲಕ್ಕೆ ಸಲ್ಲತಕ್ಕದ್ದಲ್ಲ. ಅವಕೆಂಪಿನ ಲೇಸರು ಕೈಗೆ ಉದಾರವಾದದ್ದು, ಕಣ್ಣಿಗೆ ನಿರ್ದಯವಾದದ್ದು. ಆ ಔದಾರ್ಯವನ್ನು ಪಡೆದು ಆ ನಿರ್ದಯತೆಯನ್ನು ಮರೆಯುವವನಿಗೆ ಅದು ಯೋಗ್ಯವಾದ ಆಟವಲ್ಲ. ಶಾಲೆಯ ಬಾಲಕರು ಇದರಲ್ಲಿ ಆಸಕ್ತರಾದರೆ, ಅನುಭವವುಳ್ಳ ಉಪಾಧ್ಯಾಯರೊಬ್ಬರು ಪಕ್ಕದಲ್ಲಿಲ್ಲದೆ ಅವರು ಅದನ್ನು ಮುಟ್ಟಬಾರದು. ವಯಸ್ಕನಾದವನೂ ಒಬ್ಬಂಟಿಯಾಗಿ ಅದನ್ನು ನಡಸಬಾರದು. ನಿರ್ಮಿಸಿದವನನ್ನು ಪರೀಕ್ಷಿಸುವ ಪ್ರಶ್ನೆಗಳೂ ಸರಳವಾದುವು: ನಿನ್ನ ಕಿರಣದ ತರಂಗದೂರವೇನು, ಅದರ ಶಕ್ತಿಯನ್ನು ಹೇಗೆ ಅಳೆದೆ, ಅದು ಎಲ್ಲಿ ಹೋಗಿ ಮುಗಿಯುತ್ತದೆ? ಈ ಮೂರಕ್ಕೂ ನಿಸ್ಸಂದೇಹವಾಗಿ ಉತ್ತರ ಕೊಡಬಲ್ಲವನು, ಅವನ ಯಂತ್ರ ಒಂದು ಕಾಗದವನ್ನೂ ಸುಡಲಾರದಷ್ಟು ದುರ್ಬಲವಾಗಿದ್ದರೂ, ವಿಜ್ಞಾನದ ನಿಜವಾದ ಸಾಧಕ. ಉತ್ತರವಿಲ್ಲದವನು, ಅವನ ಯಂತ್ರ ಉಕ್ಕನ್ನೇ ಕೊರೆದರೂ, ಇನ್ನೂ ವಿದ್ಯಾರಂಭವನ್ನು ಮಾಡಿಲ್ಲ.