ಚಾರ್ಟಿನ ಖಾಲಿ ಜಾಗದಲ್ಲಿ ನರ್ಸ್ ಬರೆದದ್ದು

ವಾರ್ಡಿನಲ್ಲಿ ನಾಲ್ಕು ಗಂಟೆಗೊಮ್ಮೆ ಬಿಪಿ, ಪಲ್ಸ್, ಟೆಂಪರೇಚರ್ ನೋಡಿ ಬರೆಯಬೇಕೆಂದು ಆದೇಶ ಇದೆ ಎಂದುಕೊಳ್ಳಿ. ರಾತ್ರಿ ಹತ್ತಕ್ಕೆ ನೋಡಿದ ನರ್ಸ್ ಮತ್ತೆ ಎರಡಕ್ಕೆ ನೋಡಿದರೆ ಸಾಕು. ಆದರೆ ಯಾವುದೋ ಒಂದು ಹಾಸಿಗೆಯ ಬಳಿಗೆ ಅವರು ಹನ್ನೆರಡೂವರೆಗೇ ಹೋಗುತ್ತಾರೆ. ಹೋಗಿ ಎಂದು ಯಾರೂ ಹೇಳಿರುವುದಿಲ್ಲ. ಅಂಕಿಗಳೆಲ್ಲ ಸರಿಯಾಗಿಯೇ ಇವೆ. ಆದರೂ ರೋಗಿಯ ಮುಖದ ಬಣ್ಣ ಯಾಕೋ ಸರಿ ಕಂಡಿಲ್ಲ. ಸಂಜೆ ತಾವಾಗಿಯೇ ಮಾತಾಡುತ್ತಿದ್ದವರು ಈಗ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದಾರೆ. ಖಾಲಿ ಬಿಡಬಹುದಾಗಿದ್ದ ಜಾಗದಲ್ಲಿ ನರ್ಸ್ ಒಂದು ಸಾಲು ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಬೆಳಗಿನ ರೌಂಡ್ಸ್‌ನಲ್ಲಿ ಆ ಸಾಲಿನ ಮೇಲೆ ಕಣ್ಣಾಡಿಸುವವರು ಕಡಿಮೆ.

ಕನ್ಸರ್ನ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ನೋಡುವುದು ಅದನ್ನೇ. ರೋಗಿಯ ಬಿಪಿ ಎಷ್ಟು ಎಂಬುದಕ್ಕಿಂತ ಅದನ್ನು ನರ್ಸ್ ಎಷ್ಟು ಸಲ, ಯಾವ ಹೊತ್ತಿನಲ್ಲಿ ನೋಡಿದರು, ಬರೆಯಲೇಬೇಕಿಲ್ಲದ ಕಡೆ ಟಿಪ್ಪಣಿ ಬರೆದರೇ, ಕೊಡಬೇಕಿದ್ದ ಔಷಧಿಯನ್ನು ತಡೆಹಿಡಿದರೇ ಎಂಬುದು ಅದಕ್ಕೆ ಮುಖ್ಯ. ಇದನ್ನು ಕಟ್ಟಿದ ತಂಡವನ್ನು ಮುನ್ನಡೆಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಸಾರಾ ರೊಸೆಟ್ಟಿ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೆನ್ರಿಕ್ ಕ್ಯಾಟೊ. ಇಬ್ಬರೂ ನರ್ಸ್‌ಗಳಾಗಿ ತರಬೇತಿ ಪಡೆದವರು. ಅಗತ್ಯಕ್ಕಿಂತ ಹೆಚ್ಚು ಸಲ ದಾಖಲಿಸಿದ ವೈಟಲ್ಸ್‌ಗೂ (ಬಿಪಿ, ಪಲ್ಸ್‌ನಂಥ ಅಳತೆಗಳಿಗೂ) ರೋಗಿಯ ಸಾವಿಗೂ ನಂಟಿದೆ ಎಂದು ಅವರು 2013ರಲ್ಲೇ ಒಂದು ಪ್ರಬಂಧದಲ್ಲಿ ತೋರಿಸಿದ್ದರು. ನರ್ಸ್ ಹೆಚ್ಚು ಬರೆದದ್ದರಿಂದ ಯಾರೂ ಸಾಯುವುದಿಲ್ಲ. ಆದರೆ ರೋಗಿ ಕುಸಿಯುವ ಮೊದಲೇ ಅವರಿಗೆ ಸುಳಿವು ಸಿಕ್ಕಿರುತ್ತದೆ, ಆ ಸುಳಿವಿನ ಗುರುತು ದಾಖಲೆಯಲ್ಲಿ ಉಳಿದಿರುತ್ತದೆ. ಕನ್ಸರ್ನ್ ಆ ಗುರುತನ್ನು ಹೆಕ್ಕಿ, ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಇಡೀ ತಂಡದ ಕಣ್ಣಿಗೆ ಬೀಳುವಂತೆ ಇಡುತ್ತದೆ.

ಇದರ ಪ್ರಯೋಗದ ಫಲಿತಾಂಶ 2025ರ ಏಪ್ರಿಲ್‌ನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಅಮೆರಿಕದ ಎರಡು ದೊಡ್ಡ ಆಸ್ಪತ್ರೆ ಸಮೂಹಗಳ 74 ವಾರ್ಡುಗಳು, ಒಂದು ವರ್ಷ, 60 ಸಾವಿರಕ್ಕೂ ಹೆಚ್ಚು ದಾಖಲಾತಿಗಳು. ಕೆಲವು ವಾರ್ಡುಗಳಿಗೆ ಈ ವ್ಯವಸ್ಥೆ ಕೊಟ್ಟು, ಉಳಿದವನ್ನು ಎಂದಿನಂತೆ ನಡೆಯಲು ಬಿಟ್ಟು ಹೋಲಿಸಿದರು. ವ್ಯವಸ್ಥೆ ಇದ್ದ ಕಡೆ ಸಾವಿನ ಅಪಾಯ ಶೇ. 35.6ರಷ್ಟು ಕಡಿಮೆಯಾಗಿತ್ತು. ರೋಗಿಗಳು ಸರಾಸರಿ ಅರ್ಧ ದಿನಕ್ಕೂ ಹೆಚ್ಚು ಮುಂಚೆ ಮನೆಗೆ ಹೋದರು. ಸೆಪ್ಸಿಸ್, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ, ಅದರ ಅಪಾಯ ಶೇ. 7.5ರಷ್ಟು ತಗ್ಗಿತು. ಆಸ್ಪತ್ರೆಯ ತಂತ್ರಜ್ಞಾನದಲ್ಲಿ ಪ್ರಚಾರ ಹೆಚ್ಚು, ಪರೀಕ್ಷೆ ಕಡಿಮೆ. ಹಾಗಿರುವಾಗ ಹೀಗೆ ಹೋಲಿಕೆಗೆ ಒಡ್ಡಿಕೊಂಡದ್ದೇ ಇದಕ್ಕೆ ಸಲ್ಲಬೇಕಾದ ಮೊದಲ ಮೆಚ್ಚುಗೆ.

ಆ ಮೆಚ್ಚುಗೆ ಯಾಕೆಂದು ತಿಳಿಯಲು ಎಪಿಕ್ ಎಂಬ ಕಂಪನಿಯ, ಸೆಪ್ಸಿಸ್‌ನ ಮುನ್ಸೂಚನೆ ಕೊಡುವ ಮಾದರಿಯ ಕಥೆ ನೋಡಬೇಕು. ಅಮೆರಿಕದ ನೂರಾರು ಆಸ್ಪತ್ರೆಗಳು ಅದನ್ನು ಬಳಸುತ್ತಿದ್ದವು. 2021ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮದೇ ಆಸ್ಪತ್ರೆಯ 38,455 ದಾಖಲಾತಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಸೆಪ್ಸಿಸ್ ಆದವರಲ್ಲಿ ಮೂರನೇ ಎರಡು ಭಾಗವನ್ನು ಅದು ಗುರುತಿಸಲೇ ಇಲ್ಲ. ಅದೇ ಹೊತ್ತಿಗೆ, ಆಸ್ಪತ್ರೆಗೆ ದಾಖಲಾದವರಲ್ಲಿ ಶೇ. 18ರಷ್ಟು ಜನರ ಹೆಸರಿನಲ್ಲಿ ಎಚ್ಚರಿಕೆ ಕೊಟ್ಟಿತು. ನಂತರ ಕಂಪನಿ ಮಾದರಿಯನ್ನು ಬದಲಿಸಿತು. ಆದರೆ ಆವರೆಗೆ ಆ ಎಚ್ಚರಿಕೆಗಳಿಗೆಲ್ಲ ಓಡಿದವರು ಯಾರು? ತೆರೆಯ ಮೇಲೆ ಏನೋ ಮಿನುಗಿದಾಗ ಕೈಲಿದ್ದ ಕೆಲಸ ಬಿಟ್ಟು ಹೋಗುವವರು, ಹೋಗದಿದ್ದರೆ ಕಾರಣ ಬರೆಯಬೇಕಾದವರು ನರ್ಸ್‌ಗಳು. ಸುಳ್ಳು ಕರೆಗೆ ಓಡಿದಷ್ಟು ಹೊತ್ತು ನಿಜವಾಗಿ ಬೇಕಾದ ರೋಗಿಯ ಬಳಿ ಅವರು ಇರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೈಸರ್ ಆಸ್ಪತ್ರೆಯ ಮುಂದೆ ನರ್ಸ್‌ಗಳು ಕೃತಕ ಬುದ್ಧಿಮತ್ತೆಯ ಬಳಕೆಯ ವಿರುದ್ಧ ಫಲಕ ಹಿಡಿದು ನಿಂತಾಗ ಅದನ್ನು ಯಂತ್ರದ ಭಯ ಎಂದು ತಳ್ಳಿಹಾಕಿದವರಿದ್ದರು. ನನಗೆ ಅದು ಅನುಭವದ ಮಾತಾಗಿ ಕೇಳಿಸುತ್ತದೆ.

ಎಪಿಕ್ ಮಾದರಿಗೂ ಕನ್ಸರ್ನ್‌ಗೂ ನಡುವಿನ ಅಂತರ ಲೆಕ್ಕಾಚಾರದ ಚಾತುರ್ಯದಲ್ಲಿಲ್ಲ. ಎಪಿಕ್ ಮಾದರಿ ಬಳಸುತ್ತಿದ್ದ ಮಾಹಿತಿಯಲ್ಲಿ ವೈದ್ಯರು ಬರೆದ ಆಂಟಿಬಯೋಟಿಕ್ ಆದೇಶವೂ ಸೇರಿತ್ತು. ಸಾಮಾನ್ಯವಾಗಿ ಸೋಂಕಿನ ಅನುಮಾನ ಬಂದಮೇಲೆಯೇ ವೈದ್ಯರು ಆ ಔಷಧಿ ಬರೆಯುತ್ತಾರೆ. ಆಮೇಲೆ ಬರುವ ಎಚ್ಚರಿಕೆಯಿಂದ ರೋಗಿಗೆ ಆಗುವ ಲಾಭ ಅಲ್ಪ. ಅಂದರೆ ಎರಡೂ ಯಂತ್ರಗಳು ಮನುಷ್ಯರ ಅನುಮಾನದಿಂದಲೇ ಸಾಲ ಪಡೆಯುತ್ತವೆ. ಒಂದು, ಈಗಾಗಲೇ ಅಧಿಕಾರ ಪಡೆದಿರುವ ಅನುಮಾನದಿಂದ. ಇನ್ನೊಂದು, ಇನ್ನೂ ಯಾರೂ ಕಿವಿಗೊಡದ ಅನುಮಾನದಿಂದ. ಕನ್ಸರ್ನ್ ಇತರ ಎಚ್ಚರಿಕೆ ವ್ಯವಸ್ಥೆಗಳಿಗಿಂತ ಸುಮಾರು 42 ಗಂಟೆ ಮುಂಚೆ ಸುಳಿವು ಕೊಡಬಲ್ಲದು ಎಂದು ತಂಡ ಹೇಳುವಾಗ, ಆ 42 ಗಂಟೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ನರ್ಸ್‌ಗೆ ಗೊತ್ತಾದ ಹೊತ್ತಿಗೂ ಉಳಿದವರು ಒಪ್ಪಿಕೊಂಡ ಹೊತ್ತಿಗೂ ನಡುವಿನ ಅವಧಿ ಅದು. ನರ್ಸ್‌ಗಳ ಆತಂಕವನ್ನು ಕುಸಿತದ ಮುನ್ಸೂಚನೆಯಾಗಿ ಅಳೆಯುವ ಕೆಲಸ ನೆದರ್ಲೆಂಡ್ಸ್‌ನಲ್ಲಿ ಹತ್ತು ವರ್ಷಗಳ ಹಿಂದೆಯೇ ನಡೆದಿತ್ತು. ವಿಷಯ ಹೊಸದಲ್ಲ. ಅದನ್ನು ಕೇಳಿಸಿಕೊಳ್ಳಲು ಒಂದು ಬಣ್ಣದ ಚುಕ್ಕೆ ಬೇಕಾಯಿತು ಎಂಬುದು ಆಸ್ಪತ್ರೆಗಳ ಮೇಲು-ಕೀಳಿನ ವ್ಯವಸ್ಥೆಯ ಬಗ್ಗೆ ನೋವಿನ ಮಾತು ಹೇಳುತ್ತದೆ. ‘ಸರ್, ಆ ರೋಗಿ ಸರಿ ಕಾಣ್ತಿಲ್ಲ’ ಎಂದು ಮಧ್ಯರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವ ಸ್ಟಾಫ್ ನರ್ಸ್ ‘ವೈಟಲ್ಸ್ ಏನಿದೆ?’ ಎಂಬ ಪ್ರಶ್ನೆಯ ಮುಂದೆ ಸೋಲುತ್ತಾರೆ. ವೈಟಲ್ಸ್ ಇನ್ನೂ ಸರಿ ಇರುತ್ತವೆ. ಅವರ ಮಾತಿಗೆ ಇಲ್ಲದ ತೂಕವನ್ನು ಈ ವ್ಯವಸ್ಥೆ ಕೊಟ್ಟಿದ್ದರೆ ಅದು ದೊಡ್ಡ ಕೆಲಸವೇ.

ಹಾಗೆಂದು ನನ್ನ ತಕರಾರುಗಳು ಚಿಕ್ಕವಲ್ಲ. ಅದೇ ಪ್ರಯೋಗದಲ್ಲಿ ಅನಿರೀಕ್ಷಿತವಾಗಿ ಐಸಿಯುಗೆ ಹೋಗುವ ಸಾಧ್ಯತೆ ಸುಮಾರು ಶೇ. 25ರಷ್ಟು ಹೆಚ್ಚಿತು. ಸಂಶೋಧಕರು ಇದನ್ನು ಸಕಾಲದ ಆರೈಕೆ ಎಂದು ಓದುತ್ತಾರೆ. ಸಾವು ಕಡಿಮೆಯಾದ್ದರಿಂದ ಆ ಓದು ನ್ಯಾಯವೇ. ಆದರೆ ಐಸಿಯು ಹಾಸಿಗೆಗಾಗಿ ಆಂಬ್ಯುಲೆನ್ಸ್‌ನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಊರಿನಲ್ಲಿ, ಐಸಿಯು ಬಿಲ್ಲಿಗಾಗಿ ಹೊಲ ಅಡವಿಡುವ ಮನೆಗಳಲ್ಲಿ, ಅದೇ ಸಂಖ್ಯೆಯ ಅರ್ಥ ಬೇರೆಯಾಗುತ್ತದೆ.

ಇದಕ್ಕಿಂತ ಆಳವಾದದ್ದು ಇನ್ನೊಂದಿದೆ. ಕನ್ಸರ್ನ್ ನಿಂತಿರುವುದು ನರ್ಸ್‌ನ ಸ್ವಂತ ಆಯ್ಕೆಯ ಮೇಲೆ. ನೋಡಬೇಕಿಲ್ಲದಾಗಲೂ ಹೋಗಿ ನೋಡಿದರು ಎಂಬುದೇ ಅದರ ಸಂಕೇತ. ಈಗ ಆಸ್ಪತ್ರೆಗಳಿಗೆ ಬರುತ್ತಿರುವ ಬೇರೆ ಸಾಧನಗಳು ಆ ಆಯ್ಕೆಯನ್ನೇ ತೆಗೆದುಹಾಕುತ್ತವೆ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಡೋಜಿ ಕಂಪನಿಯ ಹಾಳೆಯಂಥ ಸೆನ್ಸರ್ ಹಾಸಿಗೆಯ ಕೆಳಗೆ ಕೂತು, ರೋಗಿಯನ್ನು ಮುಟ್ಟದೆಯೇ ಹೃದಯಬಡಿತ, ಉಸಿರಾಟವನ್ನು ಬಿಡದೆ ದಾಖಲಿಸುತ್ತದೆ. ನರ್ಸ್‌ಗಳ ಕೊರತೆ ಇರುವ ದೇಶದಲ್ಲಿ ಇದರ ಉಪಯೋಗವನ್ನು ಅಲ್ಲಗಳೆಯಲಾಗದು. ಜನರಲ್ ವಾರ್ಡಿನಲ್ಲಿ ಯಾರೂ ನೋಡದೆ ಕಳೆಯುವ ಗಂಟೆಗಳನ್ನು ಅದು ತುಂಬುತ್ತದೆ. ಆದರೆ ವೈಟಲ್ಸ್ ತಾವಾಗಿಯೇ ದಾಖಲಾಗತೊಡಗಿದರೆ, ಮಾತನ್ನು ಕೇಳಿಸಿಕೊಂಡು ಯಂತ್ರವೇ ಟಿಪ್ಪಣಿ ಬರೆಯತೊಡಗಿದರೆ, ಹನ್ನೆರಡೂವರೆಗೆ ನರ್ಸ್ ಹಾಸಿಗೆಯ ಬಳಿ ಹೋಗಿದ್ದಕ್ಕೆ ದಾಖಲೆಯಲ್ಲಿ ಯಾವ ಗುರುತೂ ಇರುವುದಿಲ್ಲ. ಒಂದು ಯಂತ್ರ ಓದುತ್ತಿದ್ದ ಸುಳಿವನ್ನು ಇನ್ನೊಂದು ಅಳಿಸಿಹಾಕುತ್ತದೆ. ಎರಡನ್ನೂ ಒಂದೇ ವಾರ್ಡಿಗೆ ತರುವ ಆಡಳಿತಕ್ಕೆ ಇದು ಹೊಳೆಯಬೇಕಾದರೆ ಖರೀದಿಯ ಸಭೆಯಲ್ಲಿ ನರ್ಸ್ ಇರಬೇಕು.

ನಮ್ಮ ವಾರ್ಡುಗಳಿಗೆ ಬಂದರೆ ಪ್ರಶ್ನೆ ಇನ್ನೂ ಕಠಿಣ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಹೊತ್ತು ಜಿಲ್ಲಾಸ್ಪತ್ರೆಯ ವಾರ್ಡಿಗೆ ಕಾಲಿಟ್ಟವರಿಗೆ ಆ ಲೆಕ್ಕ ಎಲ್ಲೂ ಕಾಣುವುದಿಲ್ಲ. ಇಡೀ ವಾರ್ಡು ಒಬ್ಬ ಶುಶ್ರೂಷಾಧಿಕಾರಿಯ ಮೇಲಿದ್ದಾಗ ಕೇಸ್ ಶೀಟ್ ತುಂಬುವುದು ಪಾಳಿ ಮುಗಿಯುವ ಹೊತ್ತಿಗೆ, ನೆನಪಿನಿಂದ, ಸಾಲಾಗಿ. ಆತಂಕ ಇರುತ್ತದೆ, ಅದನ್ನು ಬರೆಯುವ ಬಿಡುವು ಇರುವುದಿಲ್ಲ. ಕನ್ಸರ್ನ್‌ನಂಥ ವ್ಯವಸ್ಥೆ ಆ ಮೌನವನ್ನು ಹಸಿರು ಎಂದು ಓದಿಬಿಡುವ ಅಪಾಯ ಇದೆ. ನರ್ಸ್ ಹೆಚ್ಚು ದಣಿದಷ್ಟೂ ರೋಗಿ ಹೆಚ್ಚು ಕ್ಷೇಮವಾಗಿ ಕಾಣುತ್ತಾನೆ! ಭಾಷೆಯದೂ ಒಂದು ಮಾತಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಯಾಳಂ ಮಾತಾಡುವ ನರ್ಸ್, ರಾಯಚೂರು ಕಡೆಯ ರೋಗಿ ಎದುರಾದಾಗ ಇಬ್ಬರೂ ಅರ್ಧ ಕನ್ನಡ, ಅರ್ಧ ಕೈಸನ್ನೆಯಲ್ಲಿ ನಿಭಾಯಿಸುತ್ತಾರೆ. ಪ್ರೀತಿಗೆ ಕೊರತೆ ಇಲ್ಲ. ಆದರೆ ಮಾತಿನ ಧಾಟಿ ಬದಲಾದದ್ದು ಗೊತ್ತಾಗಲು ಮೊದಲಿನ ಧಾಟಿ ಪರಿಚಯವಾಗಿರಬೇಕು.

ನರ್ಸ್‌ನ ಬದಲಿಗೇ ಯಂತ್ರವನ್ನು ತರುವ ಮಾತೂ ಇದೆ. 2024ರಲ್ಲಿ ಹಿಪೊಕ್ರಾಟಿಕ್ ಎಐ ಎಂಬ ಅಮೆರಿಕದ ಕಂಪನಿ ಗಂಟೆಗೆ 9 ಡಾಲರಿಗೆ ಕೃತಕ ಬುದ್ಧಿಮತ್ತೆಯ ನರ್ಸ್ ಎಂದು ತನ್ನ ಸೇವೆಯನ್ನು ಮುಂದಿಟ್ಟಿತು. ಮನುಷ್ಯರಲ್ಲದ ಯಾವುದೂ ನರ್ಸ್ ಎಂಬ ಪದವಿ ಬಳಸಬಾರದೆಂದು ಒರೆಗಾನ್ ರಾಜ್ಯ 2025ರಲ್ಲಿ ಕಾನೂನು ಮಾಡಿತು. ಆ ಕಾನೂನು ನನಗೆ ಸರಿ ಎನಿಸುತ್ತದೆ, ಹೆಚ್ಚು ಚರ್ಚೆ ಬೇಕಿಲ್ಲ.

ಕನ್ಸರ್ನ್ ಅನ್ನು ನಾನು ಮೆಚ್ಚುವುದು ಅದು ನರ್ಸ್‌ನ ಬದಲಿಗೆ ಬಂದ ಯಂತ್ರ ಅಲ್ಲ ಎಂಬುದಕ್ಕೆ. ನರ್ಸ್ ಇಲ್ಲದಿದ್ದರೆ ಅದು ಕುರುಡು. ಕರ್ನಾಟಕದ ಯಾವುದೇ ಆಸ್ಪತ್ರೆ ಇಂಥದ್ದನ್ನು ತರುವುದಾದರೆ ಮೊದಲು ವಾರ್ಡಿನ ಖಾಲಿ ಹುದ್ದೆಗಳನ್ನು ತುಂಬಲಿ. ಆಮೇಲೆ ಯಾವ ಬಣ್ಣ ಕಂಡಾಗ ಯಾವ ವೈದ್ಯರು ಎಷ್ಟು ನಿಮಿಷದಲ್ಲಿ ಹಾಸಿಗೆಯ ಬಳಿ ಬರಬೇಕೆಂದು ಬರೆದಿಡಲಿ, ಮತ್ತು ತೆರೆ ಹಸಿರು ತೋರಿಸುತ್ತಿದ್ದರೂ ನರ್ಸ್ ಕರೆದರೆ ಅದೇ ನಿಮಿಷಗಳಲ್ಲಿ ಬರಬೇಕೆಂಬುದನ್ನೂ.